ಹಳೇ 3 ಕಿಲೊವ್ಯಾಟ್ ಸೋಲಾರಿಗೆ ಬ್ಯಾಟರಿ ಸೇರಿಸಬೇಕು, ತಿಳಿದವರು ಹೇಳಿ

ಪ್ರಶ್ನೆ (ಶಿರಸಿ ಕಡೆಯಿಂದ): 2019ರಲ್ಲಿ ಹಾಕಿಸಿದ 335 ವ್ಯಾಟಿನ 9 ಪ್ಯಾನೆಲ್, 3 ಕಿಲೊವ್ಯಾಟಿನ ಆನ್-ಗ್ರಿಡ್ ಇನ್ವರ್ಟರ್ (ಲೈನಿನಲ್ಲಿ ಕರೆಂಟು ಇದ್ದಾಗ ಮಾತ್ರ ಓಡುವಂಥದ್ದು), ಹೆಸ್ಕಾಂ ನೆಟ್ ಮೀಟರ್ ಇವೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ಚಾವಣಿ ತುಂಬ ಪ್ಯಾನೆಲ್ ಇದ್ದೂ ಮನೆ ಕತ್ತಲೆ. 540 ವ್ಯಾಟಿನ 4 ಪ್ಯಾನೆಲ್, ಒಂದು ಲಿಥಿಯಂ ಬ್ಯಾಟರಿ ಸೇರಿಸುವ ಯೋಚನೆ. ಹಳೇ ಇನ್ವರ್ಟರ್ ತೆಗೆಯಬೇಕಾ? ಎಷ್ಟು ದೊಡ್ಡ ಬ್ಯಾಟರಿ ಬೇಕು? ಯುಪಿಎಸ್‌ನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಸೀಸದ ಬ್ಯಾಟರಿ ಇನ್ನೂ ಚೆನ್ನಾಗಿದೆ, ಅದನ್ನೂ ಜೋಡಿಸಬಹುದಾ?

ಹುಬ್ಬಳ್ಳಿಯ ಸೋಲಾರ್ ಅಳವಡಿಕೆದಾರರು: ಹಳೇದನ್ನು ಮುಟ್ಟಬೇಡಿ ಸರ್. ಕರೆಂಟು ಹೋದಾಗ ಆನ್-ಗ್ರಿಡ್ ಇನ್ವರ್ಟರ್ ನಿಲ್ಲೋದು ಅದರ ದೋಷವಲ್ಲ. ಲೈನ್‌ಮನ್ ಕಂಬದ ಮೇಲಿರುವಾಗ ನಿಮ್ಮ ಚಾವಣಿಯ ಕರೆಂಟು ತಂತಿಗೆ ಹರಿಯಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಆ 9 ಪ್ಯಾನೆಲ್ ನೆಟ್ ಮೀಟರಿಗೆ ದುಡಿಯುತ್ತಿರಲಿ. ಹೊಸ 4 ಪ್ಯಾನೆಲ್, ಬ್ಯಾಟರಿ, 48 ವೋಲ್ಟಿನ 5 ಕಿಲೊವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವಂಥದ್ದು), ಇಷ್ಟನ್ನು ಬೇರೆಯಾಗಿ ಮಾಡಿ, ಕರೆಂಟು ಹೋದಾಗಲೂ ಬೇಕಾದ ಲೈಟು, ಫ್ಯಾನು, ಫ್ರಿಜ್‌ಗಳ ಸರ್ಕ್ಯೂಟನ್ನು ಅದಕ್ಕೆ ಕೊಡಿ. ಹೈಬ್ರಿಡ್‌ನಲ್ಲಿ ಗ್ರಿಡ್ಡಿಗೆ ಕಳಿಸುವ ಆಯ್ಕೆ ಆಫ್ ಇರಬೇಕು. ಹೆಸ್ಕಾಂ ಒಪ್ಪಿಗೆ ಇರುವುದು ಹಳೇ 3 ಕಿಲೊವ್ಯಾಟಿಗೆ ಮಾತ್ರ.

ಅಂಗಡಿಯವರು ಬ್ಯಾಟರಿಗೂ ಸಬ್ಸಿಡಿ ಬರುತ್ತೆ ಅಂದರೆ ನಂಬಬೇಡಿ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಲೆಕ್ಕ ಪ್ಯಾನೆಲ್‌ಗಳ ಕಿಲೊವ್ಯಾಟ್ ಮೇಲೆ, ಅದೂ 3 ಕಿಲೊವ್ಯಾಟಿಗೆ 78,000 ರೂಪಾಯಿಗೆ ನಿಲ್ಲುತ್ತದೆ.

ಸಾಗರದ ಎಲೆಕ್ಟ್ರಿಷಿಯನ್: ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಳೇ ಆನ್-ಗ್ರಿಡ್ ಇನ್ವರ್ಟರನ್ನು ಹೈಬ್ರಿಡ್‌ನ ಔಟ್‌ಪುಟ್ ಕಡೆಗೆ ಜೋಡಿಸಿದರೆ ಕರೆಂಟು ಹೋದಾಗಲೂ 9 ಪ್ಯಾನೆಲ್ ಓಡುತ್ತವಲ್ಲ ಅಂತ ಯಾರಾದರೂ ಹೇಳೇ ಹೇಳ್ತಾರೆ. ಅದಕ್ಕೆಂದೇ ಮಾಡಿದ ಇನ್ವರ್ಟರ್‌ಗಳಿವೆ. ಬ್ಯಾಟರಿ ತುಂಬಿದಾಗ ಅವು ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ನಿಂದ ಮೇಲಕ್ಕೇರಿಸಿ ಆನ್-ಗ್ರಿಡ್ ಇನ್ವರ್ಟರನ್ನು ತಗ್ಗಿಸುತ್ತವೆ. ಸಾಧಾರಣ ಹೈಬ್ರಿಡ್‌ಗೆ ಈ ವಿದ್ಯೆ ಗೊತ್ತಿಲ್ಲ. ಮನೆ ಬಳಸದೆ ಉಳಿದ ಕರೆಂಟು ಔಟ್‌ಪುಟ್‌ನಿಂದ ಒಳಗೆ ನುಗ್ಗಿ ಅದರ ಪವರ್ ಬೋರ್ಡನ್ನೇ ಸುಡುತ್ತದೆ.

ಮೈಸೂರಿನ ಎಲೆಕ್ಟ್ರಿಕಲ್ ಎಂಜಿನಿಯರ್: ಬ್ಯಾಟರಿ ಎಷ್ಟು ದೊಡ್ಡದು ಅನ್ನೋದಕ್ಕೆ ರಾತ್ರಿಯ ಲೆಕ್ಕ ಹಾಕಿ. ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಫ್ರಿಜ್ಜಿಗೆ ಅರ್ಧ ಯೂನಿಟ್, ಲೈಟುಗಳಿಗೆ 0.4, ಟಿವಿ ಮತ್ತು ರೌಟರಿಗೆ 0.35. ಯಾರೂ ಲೆಕ್ಕಕ್ಕೆ ಹಿಡಿಯದ್ದು ಇನ್ವರ್ಟರ್ ತಾನೇ ತಿನ್ನುವ ಕರೆಂಟು. 5 ಕಿಲೊವ್ಯಾಟಿನದು ಏನೂ ಲೋಡ್ ಇಲ್ಲದಿದ್ದರೂ 50 ವ್ಯಾಟಿನಷ್ಟು ಎಳೆಯುತ್ತದೆ, 11 ಗಂಟೆಗೆ 0.55 ಯೂನಿಟ್. ಇನ್ನು 4 ಫ್ಯಾನು 9 ಗಂಟೆ ತಿರುಗಿದರೆ, ಹಳೇ 75 ವ್ಯಾಟಿನವು 2.7 ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಮೋಟಾರಿನ) ಫ್ಯಾನಾದರೆ ಬರೀ 1.1.

51.2 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 5.12 ಯೂನಿಟ್. ಶೇ. 90ರಷ್ಟು ಬಳಸಿ, ಇನ್ವರ್ಟರ್ ನಷ್ಟ ಕಳೆದರೆ ಕೈಗೆ ಸಿಗೋದು ಸುಮಾರು 4.2. ಹಳೇ ಫ್ಯಾನಿದ್ದರೆ 4.5 ಬೇಕು, ಬೆಳಗಿನ ಜಾವಕ್ಕೆ ಕೈಕೊಡುತ್ತದೆ. ಬಿಎಲ್‌ಡಿಸಿ ಹಾಕಿದರೆ 2.9, ಆರಾಮ. ಹಾಗಾಗಿ ಎರಡನೇ ಬ್ಯಾಟರಿಗೆ ಮೊದಲು ಫ್ಯಾನು ಬದಲಿಸಿ.

ಪಂಪು, ಗೀಸರ್, ಇಂಡಕ್ಷನ್ ಒಲೆ ಇದರ ಮೇಲೆ ಬೇಡವೇ ಬೇಡ. ಇಂಥ ಬ್ಯಾಟರಿಗಳಲ್ಲಿ ಹೆಚ್ಚಿನವಕ್ಕೆ ತಯಾರಕರು ಸತತವಾಗಿ ಎಳೆಯಲು ಹೇಳೋದು 50 ಆಂಪಿಯರ್, ಅಂದರೆ ಎರಡೂವರೆ ಕಿಲೊವ್ಯಾಟ್. ಇನ್ವರ್ಟರ್ ಮೇಲೆ 5 ಅಂತ ಬರೆದಿದೆಯೆಂದು ಪೂರ್ತಿ ಲೋಡ್ ಹಾಕಿದರೆ 110 ಆಂಪಿಯರ್ ದಾಟಿ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ (ಬಿಎಂಎಸ್) ಪಟ್ಟನೆ ಕಡಿದುಬಿಡುತ್ತದೆ.

ಪ್ರಶ್ನೆ ಕೇಳಿದವರು: ಹೊಸ 4 ಪ್ಯಾನೆಲನ್ನು ಹಳೇ ಸಾಲಿನ ಕೊನೆಗೇ ಸೇರಿಸಿ, 13ನ್ನೂ ಹೈಬ್ರಿಡ್‌ಗೇ ಕೊಟ್ಟರೆ ಒಂದೇ ಕೇಬಲ್ ಸಾಕಲ್ವಾ?

ಹುಬ್ಬಳ್ಳಿಯವರು: ಎರಡು ಕಾರಣಕ್ಕೆ ಆಗಲ್ಲ. ಹಳೇ ಪ್ಯಾನೆಲ್ ಕೊಡೋದು 9 ಆಂಪಿಯರಿಗಿಂತ ಸ್ವಲ್ಪ ಕಡಿಮೆ, ಹೊಸದು 13. ಒಂದೇ ಸಾಲಿನಲ್ಲಿ ಹೊಸದೂ 9ಕ್ಕೇ ಇಳಿಯುತ್ತದೆ, ಮೂರರಲ್ಲೊಂದು ಪಾಲು ಹೋಯ್ತು. ಎರಡನೆಯದು ವೋಲ್ಟೇಜ್. 9 ಹಳೇವು ತಲಾ 46, 4 ಹೊಸವು ತಲಾ 49.5, ಒಟ್ಟು 612 ವೋಲ್ಟ್. ಈ ದರ್ಜೆಯ ಹೈಬ್ರಿಡ್‌ಗಳಲ್ಲಿ ಬಹಳಷ್ಟಕ್ಕೆ 500 ವೋಲ್ಟ್ ಮಿತಿ. ಚಳಿಗಾಲದ ಬೆಳಗ್ಗೆ ವೋಲ್ಟೇಜ್ ಇನ್ನೂ ಶೇ. 4ರಷ್ಟು ಏರುತ್ತದೆ. ಮಿತಿ ದಾಟಿ ಸುಟ್ಟರೆ ವಾರಂಟಿಯೂ ಸಿಗಲ್ಲ.

ಹಾಗಂತ ಮೂರೇ ಪ್ಯಾನೆಲ್ ಹಾಕಿ ದುಡ್ಡು ಉಳಿಸೋಣ ಅನ್ನಬೇಡಿ. ಬಿಸಿಲಿಗೆ ಕಾದ ಪ್ಯಾನೆಲ್‌ನ ವೋಲ್ಟೇಜ್ ಇಳಿಯುತ್ತದೆ. ಮೂರರದ್ದು 107ರ ಆಸುಪಾಸಿಗೆ ಬಂದರೆ, 120 ವೋಲ್ಟಿನ ಮೇಲೆ ಮಾತ್ರ ಕೆಲಸ ಮಾಡುವ ಎಂಪಿಪಿಟಿ (ಪ್ಯಾನೆಲ್‌ಗಳ ಕರೆಂಟನ್ನು ಹಿಡಿಯುವ ಇನ್ವರ್ಟರಿನ ಭಾಗ) ಮಟಮಟ ಮಧ್ಯಾಹ್ನವೇ ಮಲಗುತ್ತದೆ. ನಾಲ್ಕಾದರೆ 143, ಸಾಕು. ತೆಂಗಿನ ಗರಿ, ಅಡಿಕೆ ಸೋಗೆಯ ನೆರಳು ಮಾತ್ರ ಬೀಳದಿರಲಿ.

ಬೆಳಗಾವಿಯ ಬ್ಯಾಟರಿ ತಂತ್ರಜ್ಞ: ಟ್ಯೂಬ್ಯುಲರ್ 12 ವೋಲ್ಟು, ಲಿಥಿಯಂ 51.2. ಒಟ್ಟಿಗೆ ಜೋಡಿಸುವ ಮಾತೇ ಇಲ್ಲ. ಅದು ತನ್ನ ಯುಪಿಎಸ್ ಜೊತೆಗೇ ಇರಲಿ. ಯುಪಿಎಸ್‌ನ ಪ್ಲಗ್ಗನ್ನು ಹೈಬ್ರಿಡ್ ಕೊಡುವ ಸಾಕೆಟ್ಟಿಗೂ ಹಾಕಬೇಡಿ, ಒಂದು ಬ್ಯಾಟರಿ ಬರಿದುಮಾಡಿ ಇನ್ನೊಂದನ್ನು ತುಂಬಿಸಿದ ಹಾಗಾಗುತ್ತೆ.

ಕೊಳ್ಳುವಾಗ ಲೇಬಲ್ ಓದಿ. 51.2 ಅಂದರೆ 16 ಸೆಲ್, 48 ಅಂತಿದ್ದರೆ 15 ಸೆಲ್. ಇವೆರಡರ ಚಾರ್ಜ್ ವೋಲ್ಟೇಜೇ ಬೇರೆ, ಮುಂದೆ ಎಂದೂ ಒಂದಕ್ಕೊಂದು ಪ್ಯಾರಲಲ್ ಮಾಡುವಂತಿಲ್ಲ. ಬ್ಯಾಟರಿ ಮತ್ತು ಇನ್ವರ್ಟರ್ ನಡುವೆ ಸಂವಹನ ಕೇಬಲ್ ಹೊಂದಿದರೆ ಒಳ್ಳೇದು. ಹೊಂದದಿದ್ದರೆ 51.2ರ ಬ್ಯಾಟರಿಗೆ ಕೈಯಾರೆ ಬಲ್ಕ್ (ತುಂಬಿಸುವ ಮಟ್ಟ) 56 ವೋಲ್ಟ್, ಫ್ಲೋಟ್ (ತುಂಬಿದ ಮೇಲಿನ ಮಟ್ಟ) 54, ಕಟ್-ಆಫ್ 48 ಇಟ್ಟು, ಈಕ್ವಲೈಸೇಶನ್ (ಸೀಸದ ಬ್ಯಾಟರಿಗೆ ಕೊಡುವ ಹೆಚ್ಚುವರಿ ಚಾರ್ಜ್) ಕಡ್ಡಾಯವಾಗಿ ಆಫ್ ಮಾಡಿ. ಸೀಸದ ಬ್ಯಾಟರಿಯ ಸೆಟ್ಟಿಂಗಿನಲ್ಲೇ ಬಿಟ್ಟರೆ ವೋಲ್ಟೇಜ್ ಮೇಲೇರಿ ಬಿಎಂಎಸ್ ಪದೇ ಪದೇ ಕಡಿಯುತ್ತದೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಅಂದಾಜು ಮಾಡಲು ಹೋಗಬೇಡಿ, ಲಿಥಿಯಂನಲ್ಲಿ ಅದು ಬಹಳ ಹೊತ್ತು 52–53ರಲ್ಲೇ ನಿಂತಿರುತ್ತೆ.

ಬ್ಯಾಟರಿ ಕೇಬಲ್ 35 ಸ್ಕ್ವೇರ್ ಎಂಎಂ ತಾಮ್ರ, ಒಂದೂವರೆ ಮೀಟರ್ ಮೀರದಿರಲಿ, ನಡುವೆ 125 ಆಂಪಿಯರಿನ ಡಿಸಿ ಬ್ರೇಕರ್. ಮನೆಯಲ್ಲಿ ಉಳಿದ ಎಸಿ ಎಂಸಿಬಿ ಹಾಕಿದರೆ ಕಡಿಯುವಾಗ ಕಿಡಿ ಆರದೆ ಒಳಗೇ ಉರಿಯುತ್ತದೆ. ಕೇಬಲ್ ತುದಿಯ ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸೋರಿದ್ದಾರೆ. ಅದನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪರ್ ತರದವರಿಗೆ ಕೆಲಸ ಕೊಡಬೇಡಿ.

ಸಾಗರದ ಎಲೆಕ್ಟ್ರಿಷಿಯನ್: ಡಿಬಿ (ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡ್) ಬೇರ್ಪಡಿಸುವಾಗ ಎಲ್ಲರೂ ಫೇಸ್ ಮಾತ್ರ ಬೇರೆ ಮಾಡಿ ನ್ಯೂಟ್ರಲ್ ಹಳೇ ಬಾರಿನಲ್ಲೇ ಬಿಡುತ್ತಾರೆ. ಆಮೇಲೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಬ್ರೇಕರ್) ಸುಮ್ಮನೆ ಸುಮ್ಮನೆ ಬೀಳುತ್ತೆ ಅಂತ ಅದನ್ನೇ ಕಿತ್ತುಹಾಕುತ್ತಾರೆ! ಹೈಬ್ರಿಡ್ ಸರ್ಕ್ಯೂಟುಗಳಿಗೆ ನ್ಯೂಟ್ರಲ್ ಬಾರ್ ಬೇರೆ, ಆರ್‌ಸಿಸಿಬಿ ಬೇರೆ ಇರಬೇಕು. ಇನ್ನೊಂದು, ಬ್ಯಾಟರಿಯ ಮೇಲೆ ಓಡುವಾಗ ಕೆಲವು ಇನ್ವರ್ಟರ್‌ಗಳ ನ್ಯೂಟ್ರಲ್ ಭೂಮಿಗೆ ತಾಗಿರುವುದಿಲ್ಲ. ಆಗ ಯಾರಿಗಾದರೂ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದು. ಆಗ ನ್ಯೂಟ್ರಲ್ಲನ್ನು ಭೂಮಿಗೆ ಜೋಡಿಸುವ ನ್ಯೂಟ್ರಲ್–ಅರ್ಥ್ ರಿಲೇ ಒಳಗೇ ಇರುವ ಮಾದರಿ ಕೇಳಿ ತಗೊಳ್ಳಿ.

ಇನ್ವರ್ಟರನ್ನು ಗೋಡೆಗೆ ಹಾಕುವಾಗ ಕೇಬಲ್ ತೂತುಗಳನ್ನೆಲ್ಲ ಗ್ಲ್ಯಾಂಡ್ ಹಾಕಿ ಮುಚ್ಚಿಸಿ. ಬೆಚ್ಚಗಿದೆ ಅಂತ ಹಲ್ಲಿ, ಇರುವೆ ಒಳಗೆ ಹೋಗಿ ಬೋರ್ಡಿನ ಮೇಲೆ ಸತ್ತರೆ ಅಲ್ಲೇ ಶಾರ್ಟ್. ತಗಡಿನ ಚಪ್ಪರದಡಿ, ಅಟ್ಟದ ಮೇಲೆ ಬ್ಯಾಟರಿ ಇಡಬೇಡಿ.

ಮೈಸೂರಿನವರು: ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯ ದಿನಗಳಲ್ಲಿ ಈ ನಾಲ್ಕು ಪ್ಯಾನೆಲ್ ಎರಡೋ ಮೂರೋ ಯೂನಿಟ್ ಕೊಟ್ಟರೆ ಹೆಚ್ಚು. ಆ ತಿಂಗಳುಗಳಲ್ಲಿ ಗ್ರಿಡ್ಡಿನಿಂದಲೂ 20 ಆಂಪಿಯರಿನಲ್ಲಿ ಚಾರ್ಜ್ ಆಗುವಂತೆ ಇಡಿ, ಬೇಸಗೆಗೆ ಸೋಲಾರ್ ಮಾತ್ರ. ಲೈನಿನ ವೋಲ್ಟೇಜ್ 170ಕ್ಕಿಂತ ಇಳಿಯುವ ಊರಾದರೆ ಇನ್ವರ್ಟರ್ ಸೆಟ್ಟಿಂಗಿನಲ್ಲಿ ಇನ್‌ಪುಟ್ ವ್ಯಾಪ್ತಿಯನ್ನು ‘ಯುಪಿಎಸ್’ ಅಂತ ಇಟ್ಟಲ್ಲಿ ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತಿರುತ್ತೆ. ‘ಅಪ್ಲೈಯನ್ಸ್’ ಅಂತ ಬದಲಿಸಿದರೆ 90ರವರೆಗೂ ಗ್ರಿಡ್ಡನ್ನೇ ಹಿಡಿದಿರುತ್ತದೆ. ಆದರೆ ಆ ಇಳಿದ ವೋಲ್ಟೇಜೇ ಫ್ರಿಜ್ಜಿಗೂ ಹೋಗುವುದರಿಂದ ಅದಕ್ಕೊಂದು ಸ್ಟೆಬಿಲೈಸರ್ ಬೇಕಾಗುತ್ತೆ.

ಕೊನೇ ಕಂತು ಕೊಡುವ ಮುಂಚೆ ರಾತ್ರಿ ಹೊತ್ತು ಮೇನ್ ಇಳಿಸಿ, ಮನೆ ಬ್ಯಾಟರಿ ಮೇಲೆ ಓಡುತ್ತಿರುವಾಗ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅವರ ಕೈಯಲ್ಲೇ ಅಳೆಸಿ. ಸೊನ್ನೆಯ ಹತ್ತಿರ ಇರಬೇಕು. 100ರ ಆಸುಪಾಸು ತೋರಿಸಿದರೆ ಸಾಗರದವರು ಹೇಳಿದ ರಿಲೇ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.