ಕೀಮೋ ಮುಗಿದ ಮೇಲೂ ಕೈಕಾಲು ಜೋಮು: ಈ ವಿಟಮಿನ್ ಮಾತ್ರೆಗಳಲ್ಲಿ ಯಾವುದು ತಗೊಳ್ಳಲಿ, ಯಾವುದು ಬಿಡಲಿ?

ಸೂಜಿದಾರ:

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಕೆಲಸದವಳು. ಸ್ತನ ಕ್ಯಾನ್ಸರಿಗೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಕೊಟ್ಟಿದ್ದರು. ಅದು ಮುಗಿದು ಕೆಲವು ತಿಂಗಳಾಯಿತು, ಈಗ ಕ್ಯಾನ್ಸರ್ ಮರಳದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನಡೀತಾ ಇದೆ. ಕ್ಯಾನ್ಸರ್ ಕಡೆಯಿಂದ ಸದ್ಯಕ್ಕೆ ಚಿಂತೆಯಿಲ್ಲ ಅಂದಿದ್ದಾರೆ ಡಾಕ್ಟರು.

ಕಷ್ಟ ಇರೋದು ಕೈಬೆರಳ ತುದಿ ಮತ್ತು ಪಾದದಲ್ಲಿ. ಸೂಜಿ ಬೆರಳಲ್ಲಿ ಇದೆಯೋ ಜಾರಿ ಬಿತ್ತೋ ಅನ್ನೋದನ್ನ ಕಣ್ಣಿಂದ ನೋಡಿಯೇ ತಿಳೀಬೇಕು. ಬಟ್ಟೆಯ ಉಲ್ಟಾ ಯಾವುದು, ಸೀದಾ ಯಾವುದು ಅಂತ ಮುಟ್ಟಿದ ಕೂಡಲೇ ಹೇಳ್ತಿದ್ದ ಕೈ ಇದು. ಈಗ ಪ್ರತಿ ತುಂಡನ್ನೂ ಬೆಳಕಿಗೆ ಹಿಡೀತೀನಿ. ಕಾಜ ಹೊಲಿಯೋದನ್ನ ಸದ್ಯಕ್ಕೆ ಬೇರೆಯವರಿಗೆ ಕೊಟ್ಟಿದ್ದೀನಿ. ಮೆಷೀನಿನ ಪೆಡಲ್ ಮೇಲೆ ಕಾಲು ಎಷ್ಟು ಒತ್ತಿದೆ ಅನ್ನೋದು ಹೊಲಿಗೆ ಓಡುವ ವೇಗ ನೋಡಿದಾಗಲೇ ಗೊತ್ತಾಗೋದು. ರಾತ್ರಿಯಂತೂ ಪಾದ ಉರಿಯುತ್ತೆ, ಹೊದಿಕೆ ತಾಗಿದರೂ ತಡೆಯೋಕಾಗಲ್ಲ.

ನನ್ನ ನಾದಿನಿ ಪ್ರೀತಿಯಿಂದ ಒಂದು ಚೀಲ ತುಂಬ ಡಬ್ಬಿ ತಂದುಕೊಟ್ಟಿದ್ದಾಳೆ. ಅಸಿಟೈಲ್ ಎಲ್-ಕಾರ್ನಿಟಿನ್, ಆಲ್ಫಾ ಲಿಪೋಯಿಕ್ ಆಮ್ಲ, ವಿಟಮಿನ್ ಇ, ಬಿ-ಕಾಂಪ್ಲೆಕ್ಸ್, ಜೊತೆಗೆ "ನರಗಳ ಆರೋಗ್ಯಕ್ಕೆ" ಅಂತ ಬರೆದಿರುವ ಇನ್ನೆರಡು. ಯಾವುದನ್ನೂ ಇನ್ನೂ ತೆರೆದಿಲ್ಲ. "ವಿಟಮಿನ್ ತಾನೇ, ಏನೂ ಆಗಲ್ಲ" ಅಂತಾರೆ ಎಲ್ಲರೂ. ನಿಜವೇ? ಈ ದಾರಿ ನಡೆದವರು ದಯವಿಟ್ಟು ಹೇಳಿ. ನನ್ನ ಕೆಲಸವೇ ಈ ಬೆರಳುಗಳ ಮೇಲೆ ನಿಂತಿದೆ.

ತಣ್ಣೀರು ಬೇಡ:

ಅಕ್ಕ, ನನಗೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಕೊಟ್ಟಿದ್ದರು. ಅದರ ಜೋಮು ಬೇರೆ ಥರ: ಕೀಮೋ ಆದ ದಿನಗಳಲ್ಲಿ ತಣ್ಣನೆಯ ಲೋಟ ಮುಟ್ಟಿದರೆ ಕರೆಂಟ್ ಹೊಡೆದಂತೆ. ಕೀಮೋ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಪಾದದ ಜೋಮು ಏರುತ್ತಲೇ ಹೋಯಿತು. ಪ್ಲಾಟಿನಂ ಗುಂಪಿನ ಔಷಧಿಗಳಲ್ಲಿ ಇದು ಸಾಮಾನ್ಯ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಆಮೇಲೆ ನಿಧಾನಕ್ಕೆ ಇಳೀತು. ಕೈ ಪೂರ್ತಿ ಸರಿಹೋಗಿದೆ, ಪಾದದಲ್ಲಿ ಸ್ವಲ್ಪ ಉಳಿದಿದೆ.

ನನ್ನ ಉರಿಗೆ ಕೆಲಸ ಮಾಡಿದ್ದು ವಿಟಮಿನ್ ಅಲ್ಲ, ಡುಲೋಕ್ಸೆಟಿನ್ ಅನ್ನೋ ಮಾತ್ರೆ. ಮೂಲತಃ ಖಿನ್ನತೆಗೆ ಕೊಡುವ ಔಷಧಿ. "ನನಗೇನು ಖಿನ್ನತೆ ಇಲ್ಲವಲ್ಲ" ಅಂದೆ. ನೋವಿನ ಸಂಕೇತವನ್ನು ತಗ್ಗಿಸುವ ಗುಣವೂ ಅದಕ್ಕಿದೆ ಅಂತ ವಿವರಿಸಿದರು. ಉರಿ ಕಡಿಮೆಯಾಯಿತು, ನಿದ್ದೆ ಬಂತು. ಆದರೆ ಮರಗಟ್ಟಿದ ಜಾಗಕ್ಕೆ ಸ್ಪರ್ಶ ವಾಪಸ್ ಬರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ನೋವು ಬೇರೆ, ಮರಗಟ್ಟುವಿಕೆ ಬೇರೆ. ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ಬಿಡಿಸಿ ಹೇಳಿ.

ಔಷಧಿ ಕೌಂಟರಿನಿಂದ:

ಮೇಡಂ, ಕೀಮೋ ಔಷಧಿಗಳನ್ನು ತಯಾರಿಸಿ ವಾರ್ಡಿಗೆ ಕಳಿಸುವ ಫಾರ್ಮಸಿಸ್ಟ್ ನಾನು. ನಿಮ್ಮದರಂಥ ಚೀಲಗಳನ್ನು ಆಗಾಗ ನೋಡುತ್ತೇನೆ. ತೆರೆಯುವ ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು.

ಅಸಿಟೈಲ್ ಎಲ್-ಕಾರ್ನಿಟಿನ್ ಡಬ್ಬಿಯನ್ನು ಮೊದಲು ಪಕ್ಕಕ್ಕಿಡಿ. ಇದರಿಂದ ತೊಂದರೆ ಹೆಚ್ಚಾಗಿದ್ದಕ್ಕೆ ದಾಖಲೆ ಇದೆ. ನಿಮ್ಮ ಹಾಗೆಯೇ ಸ್ತನ ಕ್ಯಾನ್ಸರಿಗೆ ಟ್ಯಾಕ್ಸೇನ್ ಗುಂಪಿನ ಕೀಮೋ ಪಡೆಯುತ್ತಿದ್ದ 409 ಹೆಂಗಸರ ಮೇಲೆ ಅಮೆರಿಕದಲ್ಲಿ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 3,000 ಮಿ.ಗ್ರಾಂ ಕಾರ್ನಿಟಿನ್, ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಮಾತ್ರೆ. ನರದ ತೊಂದರೆ ತಡೆಯಬಹುದು ಎಂಬ ಆಸೆಯಿಂದಲೇ ಕೊಟ್ಟದ್ದು. 24 ವಾರಕ್ಕೆ ನೋಡಿದರೆ ಕಾರ್ನಿಟಿನ್ ತೆಗೆದುಕೊಂಡವರಲ್ಲೇ ಜೋಮು ಹೆಚ್ಚು. ಎರಡು ವರ್ಷ ಆದಮೇಲೂ ಆ ವ್ಯತ್ಯಾಸ ಅಳಿಸಿರಲಿಲ್ಲ. ಅವರು ಕೀಮೋ ಜೊತೆಯಲ್ಲೇ ತೆಗೆದುಕೊಂಡಿದ್ದರು, ನಿಮ್ಮದು ಮುಗಿದಿದೆ, ಒಪ್ಪುತ್ತೇನೆ. ಆದರೂ ಇಷ್ಟು ತಿಳಿದ ಮೇಲೆ ನಾನಂತೂ ನನ್ನ ಮನೆಯವರಿಗೆ ಕೊಡುವುದಿಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ 2020ರ ಮಾರ್ಗಸೂಚಿಯಲ್ಲಿ, ಜೋಮು ಬಾರದಿರಲಿ ಎಂದು ಇದನ್ನು ಕೊಡಲೇಬಾರದು ಎಂದು ಹೇಳಿದೆ.

ವಿಟಮಿನ್ ಇ ದಿನಕ್ಕೆರಡು ಸಲ 300 ಮಿ.ಗ್ರಾಂ ಕೊಟ್ಟು 207 ಜನರಲ್ಲಿ ನೋಡಿದ್ದಾರೆ, ಜೋಮು ತಡೆಯಲಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಿ ತೆಗೆದುಕೊಳ್ಳುವವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತಸ್ರಾವದ ಭಯವನ್ನೂ ತರುತ್ತದೆ. ಆಲ್ಫಾ ಲಿಪೋಯಿಕ್ ಆಮ್ಲದ ಹೆಸರು ಬಂದಿರುವುದು ಸಕ್ಕರೆ ಕಾಯಿಲೆಯ ನರದ ತೊಂದರೆಯಿಂದ. ಅಲ್ಲಿ ಸ್ವಲ್ಪ ಫಲ ಕಂಡಿದೆ. ಪ್ಲಾಟಿನಂ ಕೀಮೋದವರಿಗೆ ಕೊಟ್ಟು ನೋಡಿದಾಗ ವ್ಯತ್ಯಾಸ ಕಾಣಲಿಲ್ಲ, ಮೇಲಾಗಿ ಬಹುಪಾಲು ಜನ ಮಾತ್ರೆಯನ್ನು ಕೊನೆಯವರೆಗೆ ನುಂಗಲೂ ಇಲ್ಲ.

ನನಗೆ ಹೆಚ್ಚು ಆತಂಕ ತರುವುದು ಬಿ6, ಅಂದರೆ ಪಿರಿಡಾಕ್ಸಿನ್. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2 ಮಿ.ಗ್ರಾಂಗಿಂತಲೂ ಕಡಿಮೆ. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಬಹುಕಾಲ ನುಂಗಿದರೆ ಅದೇ ನರಗಳನ್ನು ಕೆಡಿಸುತ್ತದೆ, ಅದೂ ಸ್ಪರ್ಶದ ನರಗಳನ್ನು. ಕೈಕಾಲು ಜೋಮು, ನಡೆಯುವಾಗ ತೂರಾಡುವುದು: ಈಗ ನಿಮಗಿರುವ ಲಕ್ಷಣಗಳೇ. ಹಾಗಾಗಿ ಕೀಮೋದಿಂದ ಬಂದದ್ದೋ ಮಾತ್ರೆಯಿಂದ ಬಂದದ್ದೋ ಎಂದು ಬೇರ್ಪಡಿಸುವುದು ಡಾಕ್ಟರಿಗೂ ಕಷ್ಟ. 1983ರಲ್ಲಿ ಮೊದಲು ವರದಿಯಾದ ಏಳು ಜನ ದಿನಕ್ಕೆ ಗ್ರಾಂ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೂ ತೊಂದರೆ ಕಾಣಿಸಿತು. ಅಮೆರಿಕ ದಿನಕ್ಕೆ 100 ಮಿ.ಗ್ರಾಂ ಎಂದು ಹಾಕಿರುವ ಮಿತಿಯ ಎದುರು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ನಿಗದಿ ಮಾಡಿದ್ದು 12 ಮಿ.ಗ್ರಾಂ.

ಒಂದು ಕೆಲಸ ಮಾಡಿ. ಎಲ್ಲ ಡಬ್ಬಿಗಳನ್ನೂ ಸಾಲಾಗಿಟ್ಟು ಹಿಂಬದಿಯ ಚಿಕ್ಕ ಅಕ್ಷರ ಓದಿ. ಪಿರಿಡಾಕ್ಸಿನ್, ಪಿರಿಡಾಕ್ಸಲ್ 5 ಫಾಸ್ಫೇಟ್, ಬಿ6, ಈ ಮೂರರಲ್ಲಿ ಯಾವ ಹೆಸರಿದ್ದರೂ ಪ್ರಮಾಣವನ್ನು ಬರೆದುಕೊಂಡು ಕೂಡಿಸಿ. ಎಷ್ಟು ಬಂತು ಅಂತ ಇಲ್ಲಿ ಹೇಳಿ.

ಸೂಜಿದಾರ:

ಸರ್, ಭೂತಗನ್ನಡಿ ಹಿಡಿದು ಓದಿದೆ. ಬಿ-ಕಾಂಪ್ಲೆಕ್ಸ್‌ನಲ್ಲಿದೆ, ನರಗಳದ್ದು ಅಂದ ಎರಡರಲ್ಲೂ ಇದೆ. ಡಬ್ಬಿ ಮೇಲೆ ಹೇಳಿದ ಹಾಗೆ ನುಂಗಿದರೆ ಮೂರೂ ಸೇರಿ ದಿನಕ್ಕೆ 150 ಮಿ.ಗ್ರಾಂ ದಾಟುತ್ತೆ! ಒಂದರಲ್ಲೂ ಎಚ್ಚರಿಕೆಯ ಮಾತಿಲ್ಲ. ಜೋಮು ಹೋಗಲಿ ಅಂತ ಕೊಟ್ಟಿದ್ದೇ ಜೋಮು ತರೋ ಹಾಗಿದೆಯಲ್ಲ, ಓದಿ ಕೈ ನಡುಗಿತು.

ಹಾಗಾದರೆ ಬಿ12? ಎರಡು ಡಬ್ಬಿಯಲ್ಲಿ ಮಿಥೈಲ್‌ಕೋಬಾಲಮಿನ್ ಅಂತಲೂ ಇದೆ. ನನಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತುಂಬ ವರ್ಷದಿಂದ ಇದೆ, ಮೊದಲೇ ಹೇಳಬೇಕಿತ್ತೇನೋ.

ಔಷಧಿ ಕೌಂಟರಿನಿಂದ:

ಮೆಟ್‌ಫಾರ್ಮಿನ್ ವಿಷಯ ಬಂದದ್ದು ಬಹಳ ಮುಖ್ಯ. ಅದನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ನುಂಗಿದವರಿಗೂ, ಜಠರದ ಶಸ್ತ್ರಚಿಕಿತ್ಸೆ ಆದವರಿಗೂ, ಪ್ರಾಣಿಜನ್ಯ ಆಹಾರ ಮುಟ್ಟದವರಿಗೂ ಇದೇ ಕೊರತೆ ಬರುತ್ತದೆ. ಬಿ12 ಕೊರತೆಯೊಂದೇ ಕೈಕಾಲು ಜೋಮು ತರಬಲ್ಲದು. ಸಕ್ಕರೆ ಕಾಯಿಲೆಯೂ ತರಬಲ್ಲದು. ನಿಮ್ಮ ಪಾದದಲ್ಲಿ ಈ ಮೂರೂ ಸೇರಿಕೊಂಡಿರಬಹುದು. ಕೀಮೋ ಮಾಡಿದ ಹಾನಿಯನ್ನು ಯಾವ ವಿಟಮಿನ್ನೂ ರಿಪೇರಿ ಮಾಡುತ್ತದೆ ಎಂದು ಸಾಬೀತಾಗಿಲ್ಲ. ಕೊರತೆಯಿಂದಾದ ಪಾಲು ಇದ್ದರೆ ಅದನ್ನು ಮಾತ್ರ ಸರಿಪಡಿಸಬಹುದು, ಬೇಗ ಹಿಡಿದಷ್ಟೂ ಒಳ್ಳೆಯದು.

ಆದ್ದರಿಂದ ಮಾತ್ರೆಗೆ ಮುಂಚೆ ರಕ್ತ ಪರೀಕ್ಷೆ, ಈ ಕ್ರಮ ತಪ್ಪಿಸಬೇಡಿ. ಮೊದಲೇ ನುಂಗಿಬಿಟ್ಟರೆ ರಕ್ತದಲ್ಲಿ ಬಿ12 ಮಟ್ಟ ಏರಿ ಕೊರತೆ ಮುಚ್ಚಿಹೋಗುತ್ತದೆ. ಫಲಿತಾಂಶ ಗಡಿಯಲ್ಲಿದ್ದರೆ ಮಿಥೈಲ್‌ಮಲೋನಿಕ್ ಆಮ್ಲ ಎಂಬ ಇನ್ನೊಂದು ಪರೀಕ್ಷೆ ಇದೆ, ಕೇಳಿ. ಫೋಲಿಕ್ ಆಮ್ಲವನ್ನೂ ನೀವೇ ಶುರು ಮಾಡಬೇಡಿ: ಬಿ12 ಕೊರತೆಯ ರಕ್ತಹೀನತೆಯನ್ನು ಅದು ಸರಿಮಾಡಿದ ಹಾಗೆ ಕಾಣಿಸುತ್ತದೆ, ಒಳಗೆ ನರ ಕೆಡುವುದು ಮುಂದುವರಿಯುತ್ತಲೇ ಇರುತ್ತದೆ. ಸಕ್ಕರೆ ಎಷ್ಟಿದೆ, ಥೈರಾಯ್ಡ್ ಹೇಗಿದೆ ಎಂಬುದನ್ನೂ ಅದೇ ರಕ್ತದಲ್ಲಿ ನೋಡಿಸಬಹುದು.

ಮೇಲಿನವರು ಹೇಳಿದ ಡುಲೋಕ್ಸೆಟಿನ್ ಬಗ್ಗೆ. ಕೀಮೋದಿಂದಾದ ನರದ ನೋವಿಗೆ ಆಸ್ಕೋ ಶಿಫಾರಸು ಮಾಡುವ ಔಷಧಿ ಅದೊಂದೇ. 231 ಜನರ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 59 ಮಂದಿಗೆ ನೋವು ಎಷ್ಟಾದರೂ ಕಡಿಮೆಯಾಯಿತು, ಔಷಧಿಯಿಲ್ಲದ ಮಾತ್ರೆ ನುಂಗಿದವರಲ್ಲಿ 38 ಮಂದಿಗೆ. ಫಲ ಸಾಧಾರಣ, ಆದರೆ ನಿಜವಾದದ್ದು. ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. ಟ್ಯಾಮಾಕ್ಸಿಫೆನ್ ಕೆಲಸ ಮಾಡಲು ಯಕೃತ್ತಿನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು. ಡುಲೋಕ್ಸೆಟಿನ್ ಆ ಕಿಣ್ವವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಹಾಗಾಗಿ ಬೇರೆ ಯಾರ ಚೀಟಿಯ ಮೇಲೂ ಇದನ್ನು ತೆಗೆದುಕೊಳ್ಳಬೇಡಿ, ನಿಮ್ಮ ಕ್ಯಾನ್ಸರ್ ಡಾಕ್ಟರೇ ನಿರ್ಧರಿಸಲಿ. ಶುರು ಮಾಡಿದರೆ ಇದ್ದಕ್ಕಿದ್ದಂತೆ ನಿಲ್ಲಿಸುವ ಹಾಗೂ ಇಲ್ಲ.

ಮೈಲೋಮಾ ಮಗಳು:

ಇದನ್ನು ಓದುತ್ತಿರುವ, ಮೈಲೋಮಾ ಅನ್ನೋ ಮೂಳೆಮಜ್ಜೆಯ ಕ್ಯಾನ್ಸರ್ ಇರುವವರ ಮನೆಯವರಿಗೆ ಒಂದು ಮಾತು. ಅಪ್ಪನಿಗೆ ಬೋರ್ಟೆಜೋಮಿಬ್ ಇಂಜೆಕ್ಷನ್ ನಡೀತಿರುವಾಗ, ಕಾಲು ಜೋಮಿಗೆ ಒಳ್ಳೇದು ಅಂತ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಮತ್ತು ಹೆಚ್ಚಿನ ವಿಟಮಿನ್ ಸಿ ಕೊಡೋಣ ಅಂದುಕೊಂಡಿದ್ವಿ. ನರ್ಸ್ ಅಮ್ಮ ತಡೆದರು. ಗ್ರೀನ್ ಟೀಯಲ್ಲಿರುವ ಒಂದು ಅಂಶ ಬೋರ್ಟೆಜೋಮಿಬ್‌ಗೇ ಅಂಟಿಕೊಂಡು ಔಷಧಿ ಕೆಲಸ ಮಾಡದಂತೆ ಮಾಡುತ್ತೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆಯಂತೆ, ವಿಟಮಿನ್ ಸಿ ವಿಷಯದಲ್ಲೂ ಹಾಗೆಯೇ. ಜೋಮು ಜಾಸ್ತಿಯಾದಾಗ ಡಾಕ್ಟರು ಡೋಸ್ ಇಳಿಸಿದರು, ರಕ್ತನಾಳದ ಬದಲು ಚರ್ಮದ ಕೆಳಗೆ ಕೊಟ್ಟರು, ಅದರಿಂದಲೇ ಅಪ್ಪನಿಗೆ ಎಷ್ಟೋ ಹಗುರವಾಯಿತು. ಕೀಮೋ ಇನ್ನೂ ನಡೀತಿರುವವರು ಜೋಮನ್ನು ಸಹಿಸಿಕೊಂಡು ಸುಮ್ಮನಿರಬೇಡಿ. ಹೇಳಿದರೆ ಔಷಧಿ ನಿಲ್ಲಿಸಿಬಿಡ್ತಾರೆ ಅಂತ ಅಪ್ಪ ಹೆದರಿ ಬಾಯಿ ಬಿಟ್ಟಿರಲಿಲ್ಲ.

ತಣ್ಣೀರು ಬೇಡ:

ಅಕ್ಕ, ಇನ್ನೊಂದು. ವ್ಯಾಯಾಮ ನನಗೆ ನಿಜಕ್ಕೂ ಸಹಾಯ ಮಾಡಿತು. ಫಿಸಿಯೋಥೆರಪಿಯವರು ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿಸೋದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಸೋದು ಮಾಡಿಸಿದರು. ಕಾಲು ಎಲ್ಲಿದೆ ಅನ್ನೋ ಅರಿವು ಮರಳಿತು, ಬೀಳೋ ಭಯ ಹೋಯಿತು. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ. ಇಸ್ತ್ರಿ ಮಾಡುವಾಗ ಕೈ ಎಲ್ಲಿದೆ ಅಂತ ಕಣ್ಣಿಟ್ಟಿರಿ. ರಾತ್ರಿ ಮಲಗೋ ಮುಂಚೆ ಅಂಗಾಲು ನೋಡಿಕೊಳ್ಳಿ, ಬಿದ್ದ ಗುಂಡುಪಿನ್ನು ಚುಚ್ಚಿದ್ದರೂ ನಿಮಗೆ ತಿಳಿಯದು. ಸಕ್ಕರೆ ಬೇರೆ ಇದೆ, ಸಣ್ಣ ಗಾಯವೂ ಹುಣ್ಣಾಗಬಹುದು.

ಔಷಧಿ ಕೌಂಟರಿನಿಂದ:

ಹೌದು, ವ್ಯಾಯಾಮಕ್ಕೆ ಒಳ್ಳೆಯ ಆಧಾರವಿದೆ. ಕೀಮೋ ಪಡೆಯುತ್ತಿದ್ದ 355 ಜನರಲ್ಲಿ ಅರ್ಧದಷ್ಟು ಮಂದಿಗೆ ಆರು ವಾರ ನಡಿಗೆ ಮತ್ತು ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಮಾಡಿಸಿದಾಗ, ಮಾಡದವರಿಗಿಂತ ಜೋಮು ಕಡಿಮೆ ಕಂಡಿತು. ಚೀಲದಲ್ಲಿರುವ ಡಬ್ಬಿಗಳಿಗೆ ಇಷ್ಟು ಹೇಳಲು ನನಗೆ ಸಾಧ್ಯವಿಲ್ಲ.

ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿದರೆ, ಕೈಯಿಂದ ವಸ್ತು ಬೀಳುವಷ್ಟು ಬಲ ಕುಂದಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಮುಂದಿನ ಭೇಟಿಗೆ ಕಾಯದೆ ಆ ದಿನವೇ ಡಾಕ್ಟರಿಗೆ ಹೇಳಿ. ಅದು ಬೇರೆ ಕಾರಣದಿಂದಿರಬಹುದು.

ಸೂಜಿದಾರ:

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಬರುವ ವಾರ ಭೇಟಿ ಇದೆ. ಡಬ್ಬಿಗಳನ್ನೆಲ್ಲ ಅದೇ ಚೀಲದಲ್ಲಿ ತಗೊಂಡು ಹೋಗಿ ಮೇಜಿನ ಮೇಲಿಡ್ತೀನಿ. ಬಿ12 ಪರೀಕ್ಷೆ, ಸಕ್ಕರೆ, ಡುಲೋಕ್ಸೆಟಿನ್ ಮತ್ತು ಟ್ಯಾಮಾಕ್ಸಿಫೆನ್ ವಿಷಯ, ಫಿಸಿಯೋಥೆರಪಿಗೆ ಚೀಟಿ, ಇಷ್ಟನ್ನು ಕಾಗದದಲ್ಲಿ ಬರೆದುಕೊಂಡಿದ್ದೀನಿ. ಉರಿ ಬೇರೆ, ಮರಗಟ್ಟೋದು ಬೇರೆ ಅನ್ನೋದನ್ನೂ ಬರೆದಿದ್ದೀನಿ. ನಾದಿನಿಗೂ ಓದಿ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ, "ಡಾಕ್ಟರ ಹತ್ತಿರ ನಾನೂ ಬರ್ತೀನಿ ಅತ್ತಿಗೆ" ಅಂದಳು. ರಕ್ತ ಪರೀಕ್ಷೆ ಬಂದ ಮೇಲೆ ಇಲ್ಲೇ ಬರೀತೀನಿ.