ಬ್ರೆಜಿಲ್ ಎರಡನೆಯ ಸ್ಥಾನಕ್ಕೆ ಇಳಿದರೆ ಮೆಕ್ಸಿಕೊ: ಅಪ್ಪನೊಂದಿಗೆ ವಿಶ್ವಕಪ್ ಪ್ರವಾಸವನ್ನು ಹೇಗೆ ಹೊಂದಿಸಲಿ?

ಹಲಸೂರು_ಕೆರೆದಂಡೆ:

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಅಮೆರಿಕ, ಕೆನಡ, ಮೆಕ್ಸಿಕೊ ಮೂರೂ ಕಡೆ ನಡೆಯುವ 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅಪ್ಪನನ್ನು ಕರೆದುಕೊಂಡು ಬ್ರೆಜಿಲ್ ತಂಡದ ಬೆನ್ನು ಹಿಡಿದು ಹೋಗಬೇಕೆಂದಿದ್ದೇನೆ. ಟಿಕೆಟ್ ಡ್ರಾದಲ್ಲಿ ಎರಡು ಪಂದ್ಯ ಸಿಕ್ಕಿವೆ: ಜೂನ್ 13ರಂದು ನ್ಯೂಜೆರ್ಸಿಯಲ್ಲಿ ಮೊರೊಕ್ಕೊ ವಿರುದ್ಧ, 19ರಂದು ಫಿಲಡೆಲ್ಫಿಯದಲ್ಲಿ ಹೈಟಿ ವಿರುದ್ಧ. 24ರ ಮಯಾಮಿ ಪಂದ್ಯಕ್ಕೆ, ಅಂದರೆ ಸ್ಕಾಟ್ಲೆಂಡ್ ವಿರುದ್ಧದ್ದಕ್ಕೆ, ಸಿಗಲಿಲ್ಲ. ಇಷ್ಟಾದರೆ ಸರಳವಾಗಿಯೇ ಇತ್ತು, ಮೂರೂ ಅಮೆರಿಕದಲ್ಲೇ. ತೊಡಕು ಶುರುವಾಗುವುದು ಆಮೇಲೆ.

ಸಿ ಗುಂಪಿನಲ್ಲಿ ಬ್ರೆಜಿಲ್ ಮೊದಲು ಬಂದರೆ ಮುಂದಿನ ಸುತ್ತಿನ ಪಂದ್ಯವನ್ನು 29ರಂದು ಹ್ಯೂಸ್ಟನ್‌ನಲ್ಲಿ ಆಡುತ್ತದೆ. ಎರಡನೆಯದಾಗಿ ಬಂದರೆ ಅದೇ ದಿನ ಮೆಕ್ಸಿಕೊದ ಮಾಂಟೆರ್ರೆಯಲ್ಲಿ. ಯಾವ ದೇಶದಲ್ಲಿ ಇರಬೇಕು ಎಂಬುದು 24ರ ರಾತ್ರಿಯವರೆಗೆ ಗೊತ್ತಾಗುವುದಿಲ್ಲ. 68 ವರ್ಷದ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಮನುಷ್ಯನನ್ನು ಇಂಥ ಅನಿಶ್ಚಯದಲ್ಲಿ ಎಳೆದುಕೊಂಡು ಹೋಗುವುದು ಹೇಗೆ ಎಂಬುದೇ ನನ್ನ ಚಿಂತೆ.

ಇದನ್ನೆಲ್ಲ ಯಾಕೆ ಹಚ್ಚಿಕೊಂಡಿದ್ದೇನೆ ಎಂಬುದನ್ನೂ ಹೇಳಬೇಕು. ನಮ್ಮ ಮನೆ ಗೌತಮಪುರಕ್ಕೆ ಕೂಗಳತೆಯಲ್ಲಿದೆ. ಪೆಲೆಯ ಪ್ರತಿಮೆ ಇರುವ ಆ ಬೀದಿ ನಿಮಗೆ ಗೊತ್ತಿರುತ್ತದೆ. ಅಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1986ರ ಜೂನ್ 21ರ ರಾತ್ರಿ ನೆರೆಮನೆಯ ಟಿವಿಯಲ್ಲಿ ಮೆಕ್ಸಿಕೊ ವಿಶ್ವಕಪ್‌ನ ಬ್ರೆಜಿಲ್–ಫ್ರಾನ್ಸ್ ಪಂದ್ಯ ನೋಡಿದ್ದನ್ನು ಇವತ್ತಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಪಂದ್ಯದ ನಡುವೆ ಬ್ರೆಜಿಲ್‌ನ ಜೀಕೊ ಹೊಡೆದ ಪೆನಾಲ್ಟಿಯನ್ನು ಫ್ರಾನ್ಸ್‌ನ ಗೋಲಿ ತಡೆದದ್ದು, ಕೊನೆಯಲ್ಲಿ ಸಾಕ್ರೆಟಿಸ್ ಹೊಡೆದದ್ದೂ ಗೋಲಾಗದೆ ಹೋದದ್ದು. ಆ ರಾತ್ರಿ ಅವರು ಊಟ ಮಾಡಲಿಲ್ಲವಂತೆ, ಅಮ್ಮ ಹೇಳುತ್ತಿದ್ದಳು. ಅಮ್ಮ ಈಗಿಲ್ಲ. ಅವಳು ಹೋದ ಮೇಲೆ ಅಪ್ಪ ಏನನ್ನೂ ಬೇಕೆಂದು ಕೇಳಿದವರಲ್ಲ. ತಂಡಗಳನ್ನು ಗುಂಪುಗಳಿಗೆ ಹಂಚುವ ಡ್ರಾ ನಡೆದ ಮರುದಿನ ಮಾತ್ರ ಪಂದ್ಯಗಳ ಪಟ್ಟಿಯನ್ನು ಬಹಳ ಹೊತ್ತು ನೋಡಿ, "ಬ್ರೆಜಿಲ್ ಎರಡನೆಯ ಸ್ಥಾನಕ್ಕೆ ಬರಬಾರದು. ಆದರೆ ಬಂದರೆ ಮೆಕ್ಸಿಕೊದಲ್ಲಿ ಆಡುತ್ತದೆ" ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನನಗೆ ಅರ್ಥವಾಯಿತು.

ಇನ್ನೊಂದು ವಿಷಯ. ತಮ್ಮ ಟೊರಾಂಟೊದಲ್ಲಿ ಓದುತ್ತಿದ್ದಾನೆ. 13ಕ್ಕೂ 19ಕ್ಕೂ ನಡುವೆ ಕೆನಡಕ್ಕೆ ಹೋಗಿ ಅವನನ್ನು ನೋಡಿ ಬರಬಹುದೇ? ನನ್ನ ರಜೆ ಜೂನ್ 10ರಿಂದ ಜುಲೈ 2ರವರೆಗೆ. ಇಬ್ಬರಿಗೂ ಪಾಸ್‌ಪೋರ್ಟ್ ಬಿಟ್ಟರೆ ಇನ್ನೇನೂ ಆಗಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಆಸ್ಟಿನ್‌ಟೌನ್_ಎಡಗಾಲು:

ನಮಸ್ಕಾರ. 2018ರಲ್ಲಿ ರಷ್ಯದಲ್ಲಿ ಬ್ರೆಜಿಲ್ ಆಡಿದ ಐದೂ ಪಂದ್ಯಗಳಿಗೆ ಹೋಗಿದ್ದೆ: ರೊಸ್ತೋವ್, ಸೇಂಟ್ ಪೀಟರ್ಸ್‌ಬರ್ಗ್, ಮಾಸ್ಕೊ, ಸಮಾರಾ, ಕಜಾನ್. ಆಗ ಕೊರಳಿಗೆ ಫ್ಯಾನ್ ಐಡಿ ಎಂಬ ಅಭಿಮಾನಿಗಳ ಗುರುತುಚೀಟಿ ಹಾಕಿಕೊಂಡರೆ ವೀಸಾ ಬೇಕಿರಲಿಲ್ಲ, ಆಟದ ಊರುಗಳ ನಡುವಿನ ವಿಶೇಷ ರೈಲುಗಳೂ ಉಚಿತ. ಕತಾರ್‌ನಲ್ಲಿ ಅದೇ ಬಗೆಯ ಹಯ್ಯಾ ಕಾರ್ಡ್ ಇತ್ತು. ಈ ಸಲ ಅಂಥ ಯಾವುದೂ ಇಲ್ಲ. ಮೂರು ದೇಶ, ಮೂರು ಗಡಿ, ಮೂರು ಬೇರೆ ಬೇರೆ ನಿಯಮ. ಟಿಕೆಟ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಯಾರೂ ಒಳಗೆ ಬಿಡುವುದಿಲ್ಲ.

ಹಾಗಾಗಿ ಮೊದಲು ಅಮೆರಿಕದ ವೀಸಾ, ಉಳಿದದ್ದೆಲ್ಲ ಆಮೇಲೆ. ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಗಿದ್ದರೂ ವೀಸಾ ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಅರ್ಜಿ ಶುಲ್ಕ ತಲಾ 185 ಡಾಲರ್. ನೀವು ಟಿಕೆಟನ್ನು ಫಿಫಾದಿಂದ ನೇರವಾಗಿ ಕೊಂಡಿರುವುದರಿಂದ ‘ಫಿಫಾ ಪಾಸ್’ ಎಂಬ ವ್ಯವಸ್ಥೆಯಲ್ಲಿ ಸಂದರ್ಶನದ ದಿನಾಂಕ ಬೇಗ ಸಿಗುವ ಅವಕಾಶವಿದೆ. ಅದು ದಿನಾಂಕವನ್ನು ಮುಂದಕ್ಕೆ ತರುತ್ತದೆಯೇ ಹೊರತು ಪರಿಶೀಲನೆಯನ್ನು ಸಡಿಲಿಸುವುದಿಲ್ಲ. ತಂದೆಯವರ ಪಿಂಚಣಿ ದಾಖಲೆ, ಮನೆಯ ಪತ್ರ, ನಿಮ್ಮ ಕಚೇರಿಯ ರಜೆ ಪತ್ರ ಎಲ್ಲವನ್ನೂ ಜೊತೆಗಿಟ್ಟುಕೊಳ್ಳಿ.

ಮೆಕ್ಸಿಕೊ ವಿಷಯದಲ್ಲಿ ನೀವು ಹೆದರುವಷ್ಟು ಕಷ್ಟವಿಲ್ಲ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದ ಭಾರತೀಯರು ಪ್ರವಾಸಕ್ಕಾಗಿ ಮೆಕ್ಸಿಕೊದ ಪ್ರತ್ಯೇಕ ವೀಸಾ ಇಲ್ಲದೆಯೇ ಹೋಗಬಹುದು. ಕೆನಡ ಹಾಗಲ್ಲ. ಅಮೆರಿಕದ ವೀಸಾ ಇದ್ದರೂ ನಮಗೆ ಅವರದೇ ವೀಸಾ ಬೇಕು, ಬೆರಳಚ್ಚು ಕೊಡಬೇಕು, ಮುದ್ರೆಗಾಗಿ ಪಾಸ್‌ಪೋರ್ಟ್ ಒಪ್ಪಿಸಬೇಕು. ಅಮೆರಿಕದ ಸಂದರ್ಶನಕ್ಕೂ ಅದೇ ಪಾಸ್‌ಪೋರ್ಟ್ ಬೇಕಲ್ಲವೇ? ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಕೈಬಿಟ್ಟುಹೋಗಬಹುದು. ತಮ್ಮನನ್ನು ನೋಡುವ ಆಸೆ ದೊಡ್ಡದು, ಒಪ್ಪುತ್ತೇನೆ. ಆದರೆ ಅಮೆರಿಕದ ವೀಸಾ ಕೈಗೆ ಬಂದ ಮೇಲೆ ದಿನಗಳು ಉಳಿದಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಇನ್ನು ನಾನು ಮಾಡಿದ ತಪ್ಪು. ಬ್ರೆಜಿಲ್ ಫೈನಲ್ ಆಡಿಯೇ ಆಡುತ್ತದೆ ಎಂದು ನಂಬಿ ವಾಪಸು ಟಿಕೆಟನ್ನು ಜುಲೈ 16ಕ್ಕೆ ಮಾಡಿಸಿದ್ದೆ. ಜುಲೈ 6ರಂದು ಕಜಾನ್‌ನಲ್ಲಿ ಬೆಲ್ಜಿಯಂ 2–1ರಿಂದ ಗೆದ್ದಿತು. ದಿನಾಂಕ ಬದಲಿಸಲು ಹಣ ಸಾಲದೆ, ಮನಸ್ಸು ಮುರಿದುಕೊಂಡು ಹತ್ತು ದಿನ ಅಲ್ಲಿ ಕಳೆದೆ. ಆಸೆ ಎಲ್ಲಿಯವರೆಗಾದರೂ ಇರಲಿ, ವಾಪಸು ಟಿಕೆಟನ್ನು ಮಾತ್ರ ನಿಮ್ಮ ರಜೆಯ ಲೆಕ್ಕಕ್ಕೆ ಮಾಡಿಸಿ.

ಕೊನೆಯದಾಗಿ, ನಿಮ್ಮ ಬರಹ ಓದಿದಾಗಿನಿಂದ ತಲೆಯಲ್ಲಿರುವ ಮಾತು. ಜೂನ್ 24ಕ್ಕೂ 29ಕ್ಕೂ ನಡುವೆ ಪೂರ್ತಿ ನಾಲ್ಕು ದಿನ ಖಾಲಿ ಇವೆ. ತಂದೆಯವರು ಮೆಕ್ಸಿಕೊ ನೋಡಲು ಬ್ರೆಜಿಲ್ ಎರಡನೆಯ ಸ್ಥಾನಕ್ಕೆ ಇಳಿಯಬೇಕಾಗಿಲ್ಲ. ಆ 1986ರ ಪಂದ್ಯ ನಡೆದದ್ದು ಮೆಕ್ಸಿಕೊದ ಗ್ವಾದಲಹಾರ ನಗರದ ಹಲಿಸ್ಕೊ ಕ್ರೀಡಾಂಗಣದಲ್ಲಿ. 1970ರಲ್ಲೂ ಫೈನಲ್‌ಗೆ ಮುಂಚಿನ ಐದು ಪಂದ್ಯಗಳನ್ನು ಪೆಲೆಯ ತಂಡ ಅಲ್ಲೇ ಆಡಿತು. ಈ ವಿಶ್ವಕಪ್‌ನ ಪಂದ್ಯಗಳು ಆ ಊರಿನ ಬೇರೆ ಕ್ರೀಡಾಂಗಣದಲ್ಲಿ ನಡೆಯುತ್ತವೆ, ಆದರೆ ಹಲಿಸ್ಕೊ ಇನ್ನೂ ನಿಂತಿದೆ. 25ಕ್ಕೆ ಗ್ವಾದಲಹಾರಕ್ಕೆ ಹೋಗಿ. ಬ್ರೆಜಿಲ್ ಮೊದಲು ಬಂದರೆ ಅಲ್ಲಿಂದ ಹ್ಯೂಸ್ಟನ್, ಎರಡನೆಯದಾದರೆ ಮಾಂಟೆರ್ರೆ. ಎರಡೂ ಕಡೆಗೆ ಕಡಿಮೆ ಹೊತ್ತಿನ ವಿಮಾನ ಪ್ರಯಾಣ.

ಹಲಸೂರು_ಕೆರೆದಂಡೆ:

ನಿಮ್ಮ ಕೊನೆಯ ಪರಿಚ್ಛೇದವನ್ನು ಮೂರು ಸಲ ಓದಿದೆ. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಮಾಂಟೆರ್ರೆಯನ್ನೇ ದಿಟ್ಟಿಸುತ್ತ ಕುಳಿತಿದ್ದೆ, ಅಪ್ಪನ ಮನಸ್ಸಿನಲ್ಲಿರುವುದು ಗ್ವಾದಲಹಾರ. ಅಪ್ಪನಿಗೆ ಇನ್ನೂ ಹೇಳಿಲ್ಲ, ವೀಸಾ ಆಗದೆ ಹೋದರೆ ಎಂಬ ಭಯ.

ಆದರೆ ಒಂದು ಅನುಮಾನ: ಅಮೆರಿಕದಿಂದ ಹೊರಗೆ ಹೋಗಿ ನಾಲ್ಕೇ ದಿನದಲ್ಲಿ ಮತ್ತೆ ಒಳಗೆ ಬರುವಾಗ ತೊಂದರೆಯಾಗುವುದಿಲ್ಲವೇ?

ಹ್ಯೂಸ್ಟನ್_ಕನ್ನಡತಿ:

ಮಲ್ಲೇಶ್ವರದವಳು, ಹನ್ನೊಂದು ವರ್ಷದಿಂದ ಹ್ಯೂಸ್ಟನ್‌ನಲ್ಲಿದ್ದೇನೆ. ನಿಮ್ಮ ಅನುಮಾನಕ್ಕೆ ಉತ್ತರ ವೀಸಾದಲ್ಲೇ ಅಚ್ಚಾಗಿರುತ್ತದೆ. ಪ್ರವೇಶಗಳ ಸಂಖ್ಯೆ ಬರೆದಿರುವ ಜಾಗದಲ್ಲಿ ‘ಎಂ’ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. ಭಾರತೀಯರಿಗೆ ಪ್ರವಾಸಿ ವೀಸಾವನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ, ಹಾಗೆಯೇ ಕೊಡುತ್ತಾರೆ. ಆದರೂ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಆ ಅಕ್ಷರವನ್ನು ನೋಡಿಕೊಳ್ಳಿ. ವಾಪಸು ಬರುವಾಗ ಇಮಿಗ್ರೇಶನ್ ಸಾಲಿನಲ್ಲಿ ಮತ್ತೆ ಪ್ರಶ್ನೆ ಕೇಳುತ್ತಾರೆ. ಪಂದ್ಯದ ಟಿಕೆಟ್, ಬೆಂಗಳೂರಿಗೆ ಹೋಗುವ ವಿಮಾನದ ಟಿಕೆಟ್ ಎರಡನ್ನೂ ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಿ. ಮೊಬೈಲ್ ಬ್ಯಾಟರಿ ಮುಗಿಯುವುದು ಅಂಥ ಸಾಲಿನಲ್ಲೇ.

ಮಾಂಟೆರ್ರೆಯಿಂದ ಲರೆಡೊ ಗಡಿ ದಾಟಿ ಹ್ಯೂಸ್ಟನ್‌ಗೆ ಬಸ್ಸುಗಳೂ ಇವೆ. ಅಗ್ಗವೆಂದು ಅದಕ್ಕೆ ಹೋಗಬೇಡಿ. ಗಡಿಯಲ್ಲಿ ಎಲ್ಲರೂ ಇಳಿದು ಸಾಮಾನು ಸಮೇತ ಸಾಲು ನಿಲ್ಲಬೇಕು. ನನ್ನ ಅತ್ತೆ ಮಾವನನ್ನು ಒಮ್ಮೆ ಹಾಗೆ ಕರೆತಂದು, ಮಾವನ ಕಾಲು ಊದಿಕೊಂಡು ಎರಡು ದಿನ ಮಲಗಬೇಕಾಯಿತು. ವಿಮಾನದಲ್ಲೇ ಬನ್ನಿ. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಇಡೀ ಪ್ರವಾಸಕ್ಕೆ ಬೇಕಾದಷ್ಟಲ್ಲ, ಅದಕ್ಕಿಂತ ಎರಡು ವಾರ ಹೆಚ್ಚೇ ಇರಲಿ. ಪ್ರವಾಸ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗೂ ರಕ್ಷಣೆ ಇದೆಯೇ ಎಂದು ಓದಿ ನೋಡಿ, ಇಲ್ಲಿಯ ಆಸ್ಪತ್ರೆಯ ಖರ್ಚು ಊಹೆಗೆ ಮೀರಿದ್ದು.

ಜೂನ್ ಕೊನೆಯಲ್ಲಿ ಇಲ್ಲಿ ಬಿಸಿಲು ಮಾತ್ರವಲ್ಲ, ಮಂಗಳೂರಿನಂಥ ಸೆಕೆಯೂ ಇರುತ್ತದೆ. ಆದರೆ ಇಲ್ಲಿಯ ಕ್ರೀಡಾಂಗಣಕ್ಕೆ ಮುಚ್ಚುವ ಚಾವಣಿ ಇದೆ, ಒಳಗೆ ತಂಪು. ಮಾಂಟೆರ್ರೆಯದು ತೆರೆದದ್ದು. ಅಲ್ಲಿ ಕುಳಿತರೆ ಕುದುರೆಯ ಜೀನಿನಂತೆ ಕಾಣುವ ಬೆಟ್ಟ ಎದುರಿಗೇ ಇರುತ್ತದೆ, ಬಹಳ ಚೆಂದ. ತಂದೆಯವರಿಗೆ ಟೋಪಿ, ನೀರು ಮರೆಯಬೇಡಿ.

ವಾಪಸು ಪ್ರಯಾಣವನ್ನು ಹ್ಯೂಸ್ಟನ್‌ನಿಂದಲೇ ಇಟ್ಟುಕೊಳ್ಳಿ. ಇಲ್ಲಿಂದ ದೋಹಾಕ್ಕೂ ದುಬೈಗೂ ನೇರ ವಿಮಾನಗಳಿವೆ, ಅಲ್ಲಿಂದ ಬೆಂಗಳೂರು. ಹೋಗುವಾಗ ನ್ಯೂಯಾರ್ಕ್, ಬರುವಾಗ ಹ್ಯೂಸ್ಟನ್ ಎಂದು ಒಂದೇ ಟಿಕೆಟ್‌ನಲ್ಲಿ ಮಾಡಿಸಬಹುದು.

ಬಸವನಗುಡಿ_ಗ್ಯಾಲರಿ:

ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. ಮಯಾಮಿ ಮತ್ತು 29ರ ಪಂದ್ಯಕ್ಕೆ ಟಿಕೆಟ್ ಕೊಡಿಸುತ್ತೇವೆ ಎಂದು ನಗರದ ಏಜೆಂಟರು ಖಂಡಿತ ಕರೆ ಮಾಡುತ್ತಾರೆ. 2022ರಲ್ಲಿ ಬ್ರೆಜಿಲ್–ಕ್ರೊವೇಷಿಯ ಕ್ವಾರ್ಟರ್‌ಫೈನಲ್‌ಗೆ ಅಂಥ ಒಬ್ಬರಿಗೆ ಮುಂಗಡ ಕೊಟ್ಟು ದೋಹಾಕ್ಕೆ ಹೋದೆ. ಪಂದ್ಯದ ದಿನದವರೆಗೂ ‘ಬರುತ್ತದೆ’ ಎನ್ನುತ್ತಿದ್ದರು, ಬರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಟಿವಿ ನೋಡುತ್ತ, ಪೆನಾಲ್ಟಿಯಲ್ಲಿ ಬ್ರೆಜಿಲ್ ಸೋತದ್ದನ್ನು ಕಂಡೆ. ಹಣ ಇಂದಿಗೂ ಬಂದಿಲ್ಲ.

ಫಿಫಾದ ಅಧಿಕೃತ ಮರುಮಾರಾಟ ತಾಣ ಒಂದನ್ನೇ ನಂಬಿ. ಅಲ್ಲಿ ಕೊಳ್ಳುವವರಿಂದ ಶೇಕಡ 15, ಮಾರುವವರಿಂದಲೂ ಶೇಕಡ 15 ಶುಲ್ಕ ಹಿಡಿಯುತ್ತಾರೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ಟಿಕೆಟ್ ಅಸಲಿ. 24ರ ರಾತ್ರಿ ಗುಂಪಿನ ಫಲಿತಾಂಶ ಬಂದ ಕೂಡಲೇ ಸೋತ ತಂಡಗಳ ಅಭಿಮಾನಿಗಳು ಮಾರಲು ಶುರುಮಾಡುತ್ತಾರೆ, ಆಗ ನೋಡುತ್ತಿರಿ.

ಇನ್ನೂ ಒಂದು ದಾರಿಯನ್ನು ಯಾರೂ ಹೇಳಿಲ್ಲ. ಬ್ರೆಜಿಲ್ ಗುಂಪಿನಲ್ಲಿ ಮೂರನೆಯದಾಗಿ ಬಂದೂ ಮುಂದಿನ ಸುತ್ತಿಗೆ ದಾಟಿದರೆ ಬಾಸ್ಟನ್, ನ್ಯೂಜೆರ್ಸಿ ಇಲ್ಲವೇ ಮೆಕ್ಸಿಕೊ ಸಿಟಿಯ ಅಜ್ತೆಕಾ ಕ್ರೀಡಾಂಗಣದಲ್ಲಿ ಆಡಬೇಕಾಗಬಹುದು. ಆ ದಿನ ಬಾರದಿರಲಿ. ಆದರೆ ಗ್ವಾದಲಹಾರದ ಹೋಟೆಲ್ ಕಾಯ್ದಿರಿಸುವಾಗ ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ. ಬೇಗ ಹಿಡಿಯಿರಿ ಕೂಡ, 26ರಂದು ಅಲ್ಲಿ ಉರುಗ್ವೆ–ಸ್ಪೇನ್ ಪಂದ್ಯವಿದೆ, ಊರು ತುಂಬಿರುತ್ತದೆ. ಹೊರಡುವ ಮುಂಚೆ ಮೆಕ್ಸಿಕೊದಲ್ಲಿರುವ ನಮ್ಮ ರಾಯಭಾರ ಕಚೇರಿಯ ಸೂಚನೆಗಳನ್ನೂ ಓದಿಕೊಳ್ಳಿ.

ಹಲಸೂರು_ಕೆರೆದಂಡೆ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಪ್ಪನ ಮುಂದೆ ಅಟ್ಲಾಸ್ ಹರಡಿ ಎಲ್ಲವನ್ನೂ ಹೇಳಿಬಿಟ್ಟೆ. ವೀಸಾ ಆಗದಿದ್ದರೆ ಇಬ್ಬರೂ ಒಟ್ಟಿಗೆ ಬೇಸರಪಡೋಣ, ಒಬ್ಬಳೇ ಯಾಕೆ ಹೊತ್ತುಕೊಳ್ಳಲಿ ಎನ್ನಿಸಿತು.

ಹೀಗೆ ನಿರ್ಧರಿಸಿದ್ದೇವೆ. ಅಮೆರಿಕದ ವೀಸಾ ಅರ್ಜಿಯನ್ನು ಈ ವಾರವೇ ಹಾಕುತ್ತೇವೆ, ಚೆನ್ನೈ ಸಂದರ್ಶನ. ಕೆನಡವನ್ನು ಕೈಬಿಟ್ಟೆವು. ತಮ್ಮನಿಗೆ ಫೋನ್ ಮಾಡಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಡಿಸೆಂಬರ್‌ನಲ್ಲಿ ತಾನೇ ಊರಿಗೆ ಬರುತ್ತೇನೆ ಎಂದ. 13 ಮತ್ತು 19ರ ಪಂದ್ಯಗಳ ನಡುವೆ ಊರೂರು ಸುತ್ತುವುದಿಲ್ಲ. ನ್ಯೂಜೆರ್ಸಿಯಿಂದ ಫಿಲಡೆಲ್ಫಿಯಕ್ಕೆ ರೈಲಿನಲ್ಲಿ ಹೋಗಿ ಅಲ್ಲೇ ಉಳಿದು ಅಪ್ಪನಿಗೆ ವಿಶ್ರಾಂತಿ. ಮಯಾಮಿಯ ಟಿಕೆಟ್ ಅಧಿಕೃತ ತಾಣದಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಫಿಲಡೆಲ್ಫಿಯದಲ್ಲೇ ಟಿವಿಯಲ್ಲಿ ನೋಡಿ 25ಕ್ಕೆ ಗ್ವಾದಲಹಾರ. ಜುಲೈ 1ಕ್ಕೆ ಹ್ಯೂಸ್ಟನ್‌ನಿಂದ ವಾಪಸು, ಬ್ರೆಜಿಲ್ ಎಲ್ಲಿದ್ದರೂ ಸರಿ.

ಹಲಿಸ್ಕೊ ಕ್ರೀಡಾಂಗಣ ಎಂದಾಗ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಇನ್ನೂ ಇದೆಯೇ?" ಎಂದು ಕೇಳಿದರು. ಇದೆ ಎಂದೆ. ಜೀಕೊ ಪೆನಾಲ್ಟಿ ಹೊಡೆದದ್ದು ಯಾವ ಕಡೆಯ ಗೋಲಿಗೆ ಎಂದು ತಮಗೆ ಗೊತ್ತು, ಒಳಗೆ ಬಿಟ್ಟರೆ ತೋರಿಸುತ್ತೇನೆ ಎಂದರು.

ಆದ್ದರಿಂದ ಕೊನೆಯ ಪ್ರಶ್ನೆ: ಪಂದ್ಯವಿಲ್ಲದ ದಿನ ಹಲಿಸ್ಕೊದ ಒಳಗೆ ಹೋಗಲು ಯಾರನ್ನು ಕೇಳಬೇಕು? ಸ್ಪ್ಯಾನಿಷ್ ಬರೆಯಬಲ್ಲವರು ಯಾರಾದರೂ ಇದ್ದರೆ, ಅಲ್ಲಿಗೆ ಒಂದು ಪತ್ರ ಬರೆದುಕೊಡಲು ಸಾಧ್ಯವೇ? ವಿಷಯವನ್ನು ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ.