ಬ್ಯಾಂಕ್ಸಿಯ 'ಮೊರಾನ್ಸ್' ಪ್ರಿಂಟ್: ಅದರ ಅರ್ಥ ಏನು, ಎಷ್ಟು ಬೆಲೆ ಬಾಳುತ್ತೆ?

ಸೇವಂತಿಗೆ_ಬ್ರಿಸ್ಟಲ್:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಸ್ಟಲ್‌ಗೆ ಬಂದು ಆರು ವರ್ಷ ಆಯ್ತು. ಪಕ್ಕದ ಮನೆ ಅಜ್ಜ ಮನೆ ಖಾಲಿ ಮಾಡ್ತಾ ಇದಾರೆ, ಅವರ ಹತ್ರ ಫ್ರೇಮ್ ಹಾಕಿಸಿದ ಬ್ಯಾಂಕ್ಸಿ (ಗುರುತು ಬಿಟ್ಟುಕೊಡದೆ ಗೋಡೆ ಮೇಲೆ ಚಿತ್ರ ಬಿಡಿಸೋ ಇಂಗ್ಲೆಂಡಿನ ಕಲಾವಿದ) ಪ್ರಿಂಟ್ ಒಂದಿದೆ, 'ಮೊರಾನ್ಸ್' (ದಡ್ಡರು) ಅಂತ, ಹರಾಜು ನಡೀತಿರೋ ಹಾಲ್, ತುಂಬ ಜನ ಕೂತಿದಾರೆ, ಮುಂದೆ ಇಟ್ಟಿರೋ ಚಿತ್ರದಲ್ಲಿ ಚಿತ್ರಾನೇ ಇಲ್ಲ, 'ನೀವು ದಡ್ಡರು ನಿಜವಾಗ್ಲೂ ಈ ಹೊಲಸನ್ನ ಕೊಂಡ್ಕೊತೀರಲ್ಲ, ನಂಬಕ್ಕೇ ಆಗ್ತಿಲ್ಲ' ಅನ್ನೋ ಅರ್ಥದ ಇಂಗ್ಲಿಷ್ ಸಾಲು ಅಷ್ಟೇ. 12,000 ಪೌಂಡ್ ಕೊಟ್ರೆ ನಮಗೇ ಕೊಡ್ತಾರಂತೆ. ಕಾಗದಪತ್ರ ಏನೂ ಇಲ್ಲ. ನಮ್ಮೆಜಮಾನ್ರು 'ಬೈಗುಳಾನ ದುಡ್ಡು ಕೊಟ್ಟು ತಂದು ಗೋಡೆಗೆ ಹಾಕೋದಾ' ಅಂತಾರೆ. ನಂಗೆ ಅದರ ಮುಂದೆ ನಿಂತ್ರೆ ಕಾಲು ಕದಲಲ್ಲ. ತಿಳಿದೋರು ಹೇಳಿ.

ಬಣ್ಣದ_ಗೋಡೆ:
ಆ ಹರಾಜು ಸುಮ್ನೆ ಕಲ್ಪನೆ ಅಲ್ಲ. 1987ರ ಮಾರ್ಚ್ 30, ಲಂಡನ್ನಿನ ಕ್ರಿಸ್ಟೀಸ್ ಹರಾಜು ಮನೆ. ಅವತ್ತು ವ್ಯಾನ್ ಗೋ ಹುಟ್ಟಿದ ದಿನ, ಅವನ 'ಸೂರ್ಯಕಾಂತಿ' ಚಿತ್ರಾನ ಜಪಾನಿನ ಯಾಸುಡಾ ಅನ್ನೋ ಇನ್ಶೂರೆನ್ಸ್ ಕಂಪನಿ ಕಮಿಷನ್ ಸೇರಿ 2 ಕೋಟಿ 47 ಲಕ್ಷ ಪೌಂಡ್‌ಗೆ ತಗೊಂಡಿತ್ತು, ಅಲ್ಲೀವರೆಗಿನ ದಾಖಲೆಗಿಂತ ಮೂರು ಪಟ್ಟು. ಬ್ಯಾಂಕ್ಸಿ ಅದೇ ಹಾಲ್ ಇಟ್ಕೊಂಡು ಹೂವು ತೆಗೆದು ಬೈಗುಳ ಇಟ್ಟ. ಬದುಕಿದ್ದಾಗ ತಮ್ಮ ಕಳಿಸೋ ದುಡ್ಡಲ್ಲಿ ದಿನ ತಳ್ಳಿದ ಮನುಷ್ಯನ ಚಿತ್ರ ಅದು, ಸತ್ತು ತೊಂಬತ್ತಾರು ವರ್ಷ ಆದ್ಮೇಲೆ ಕೈ ಎತ್ತಿದೋರು ಚಿತ್ರ ನೋಡಿ ಎತ್ತಿದ್ರೋ ಹಣದ ಅಂಕಿ ನೋಡಿ ಎತ್ತಿದ್ರೋ? ನಂಗೆ ಆ ಪ್ರಿಂಟ್ ಕೇಳೋದು ಇದನ್ನೇ ಅನ್ಸುತ್ತೆ. ಹಾಗಾಗಿ ನಿಮ್ಮೆಜಮಾನ್ರಿಗೆ ಹೇಳಿ, ಬೈದಿರೋದು ಚಿತ್ರ ಇಷ್ಟಪಡೋರಿಗಲ್ಲ.

ಇನ್ನೊಂದು, 2013ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್ ಹತ್ರ ಬ್ಯಾಂಕ್ಸಿ ಒಬ್ಬ ಮುದುಕರನ್ನ ಕೂರಿಸಿ, ತನ್ನ ಹೆಸರು ಹೇಳ್ದೇ, ಅಸಲಿ ಕ್ಯಾನ್ವಾಸ್‌ಗಳನ್ನ 60 ಡಾಲರ್‌ಗೆ ಮಾರಿಸಿದ. ಇಡೀ ದಿನದ ವ್ಯಾಪಾರ 420 ಡಾಲರ್, ಅದರಲ್ಲೂ ಒಬ್ಬಾಕೆ ಚೌಕಾಸಿ ಮಾಡಿ ಎರಡನ್ನ ಅರ್ಧ ಬೆಲೆಗೆ ಒಯ್ದಳು. ಮುಂದಿನ ವರ್ಷ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಲ್ಲಿ ಅಂಥ ಎರಡಕ್ಕೇ 1 ಲಕ್ಷ 20 ಸಾವಿರ ಪೌಂಡ್ ದಾಟ್ತು.

ಸ್ಕ್ವೀಜಿ_ಶಿವಮೊಗ್ಗ:
ನಾನು ಇಪ್ಪತ್ತೆರಡು ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿ ಬಟ್ಟೆ ಮೂಲಕ ಇಂಕ್ ಎಳೆದು ಅಚ್ಚು ಹಾಕೋದು) ಮಾಡ್ತಿರೋನು, ಲಗ್ನಪತ್ರಿಕೆ, ಬ್ಯಾನರ್, ಬಟ್ಟೆ ಚೀಲ. ಕಲೆ ಬಗ್ಗೆ ದೊಡ್ಡ ಮಾತು ಬರಲ್ಲ, ಆದ್ರೆ 'ಮೊರಾನ್ಸ್' ಕೂಡ ಸ್ಕ್ರೀನ್ ಪ್ರಿಂಟೇ ಅಲ್ವಾ, ಅದನ್ನ ಹೇಳ್ತೀನಿ. ಫ್ರೇಮ್‌ನಿಂದ ಹೊರಗೆ ತೆಗೆಸಿ, ಹತ್ತು ಪಟ್ಟಿನ ಲೆನ್ಸ್ ಇಟ್ಟು ಅಕ್ಷರದ ಅಂಚು ನೋಡಿ. ಸ್ಕ್ರೀನ್‌ನಲ್ಲಿ ಎಳೆದ ಇಂಕ್ ಕಾಗದದ ಮೇಲೆ ತೆಳ್ಳಗೆ ಕೂತಿರುತ್ತೆ, ಬೆಳಕನ್ನ ಓರೆಯಾಗಿ ಬಿಟ್ರೆ ಅಂಚಲ್ಲಿ ಕೂದಲೆಳೆಯಷ್ಟು ಏರು ಕಾಣುತ್ತೆ, ಕಪ್ಪು ಅಂದ್ರೆ ಬರೀ ಕಪ್ಪು. ಅದೇ ಇಂಕ್‌ಜೆಟ್ ಆದ್ರೆ ಕಪ್ಪೊಳಗೇ ನೀಲಿ, ಕೆಂಪು, ಹಳದಿ ಪುಡಿ ಚೆಲ್ಲಿದ ಹಾಗಿರುತ್ತೆ. ಚುಕ್ಕಿ ಕಂಡ್ರೆ ಅಲ್ಲಿಗೆ ಮುಗೀತು. ಕಾಣ್ಲಿಲ್ಲ ಅಂದ್ರೂ ಖುಷಿಪಡ್ಬೇಡಿ, ನಕಲಿ ಮಾಡೋನೂ ಸ್ಕ್ರೀನ್ ಎಳೀಬಹುದು, ನನ್ನಂಥೋನಿಗೆ ಅದು ಒಂದು ದಿನದ ಕೆಲ್ಸ.

ಹರಾಜು_ಕಟ್ಟೆ:
ಬೆಲೆ ವಿಷಯಕ್ಕೆ ಬರ್ತೀನಿ. ಪೆಸ್ಟ್ ಕಂಟ್ರೋಲ್ ಅಂತ ಒಂದು ಆಫೀಸಿದೆ, ಬ್ಯಾಂಕ್ಸಿ ಕೃತಿ ಅಸಲಿ ಹೌದೋ ಅಲ್ವೋ ಅಂತ ಹೇಳೋದು, 2008ರಲ್ಲಿ ಬ್ಯಾಂಕ್ಸಿ ಕಡೆಯೋರೇ ಶುರು ಮಾಡಿದ್ದು, ಅವರ ಸರ್ಟಿಫಿಕೇಟ್ ಇಲ್ದೇ ದೊಡ್ಡ ಹರಾಜು ಮನೆಯೋರು ಮುಟ್ಟೋದೇ ಇಲ್ಲ. ಆ ಸರ್ಟಿಫಿಕೇಟ್‌ಗೆ ರಾಜಕುಮಾರಿ ಡಯಾನಾ ಮುಖ ಇರೋ, ಬ್ಯಾಂಕ್ಸಿ ಮಾಡಿದ ನಕಲಿ ಹತ್ತು ಪೌಂಡ್ 'ನೋಟಿ'ನ ಅರ್ಧ ಹರಿದು ಪಿನ್ ಮಾಡಿರ್ತಾರೆ, ಉಳಿದರ್ಧ ಅವರ ಹತ್ರ, ಎರಡೂ ಜೋಡಿಸಿದ್ರೆ ಕೈಯಲ್ಲಿ ಬರೆದ ನಂಬರ್ ಕೂಡ್ಬೇಕು. ಗೋಡೆ ಮೇಲೆ ಎಷ್ಟೇ ಚೆನ್ನಾಗಿ ಕಂಡ್ರೂ ಮಾರ್ಕೆಟ್‌ನಲ್ಲಿ ಬೆಲೆ ಇರೋದು ಆ ಹರಿದ ಅರ್ಧಕ್ಕೇ. ಆಮೇಲೆ ಯಾವ ಎಡಿಷನ್, ಅಂದ್ರೆ ಯಾವ ಸಲದ ಅಚ್ಚು (2006ರ ಲಾಸ್ ಏಂಜಲೀಸ್ ಪ್ರದರ್ಶನದ್ದು ಬರೀ 100 ಪ್ರತಿ, ಸಾಮಾನ್ಯ ಎಡಿಷನ್ ಬಂದದ್ದು ಅದಾದ್ಮೇಲೆ), ಸಹಿ ಇದೆಯಾ, ಕಾಗದ ಹಳದಿ ತಿರುಗಿದೆಯಾ, ಅಂಚು ಕತ್ತರಿಸಿದಾರಾ, ಎಲ್ಲಾ ಲೆಕ್ಕಕ್ಕೆ ಬರುತ್ತೆ.

2021ರ ಮಾರ್ಚ್‌ನಲ್ಲಿ ಒಂದು ಕ್ರಿಪ್ಟೋ ಗುಂಪು 95,000 ಡಾಲರ್ ಕೊಟ್ಟು ಇದೇ 'ಮೊರಾನ್ಸ್' ತಗೊಂಡು ಲೈವ್ ವಿಡಿಯೋದಲ್ಲಿ ಸುಟ್ಟು, ಅದರ ಡಿಜಿಟಲ್ ಒಡೆತನದ ಪತ್ರ, ಅಂದ್ರೆ ಎನ್‌ಎಫ್‌ಟಿ ಮಾರಿದ್ರು, ಸುಮಾರು 3 ಲಕ್ಷ 80 ಸಾವಿರ ಡಾಲರ್ ಬಂತು. ಅದು ನೋಡಿ ನಂಗೆ ಹೊಟ್ಟೆ ಉರೀತು. ಆದ್ರೆ ಆ ಕಾಲದ ರೇಟು ಇವತ್ತಿಗೆ ಹಿಡೀಬೇಡಿ, ಆಮೇಲೆ ಬ್ಯಾಂಕ್ಸಿ ಪ್ರಿಂಟ್‌ಗಳ ಬೆಲೆ ಚೆನ್ನಾಗೇ ಇಳಿದಿದೆ. ಕಾಗದ ಇಲ್ದೇ 12,000 ಅಂದ್ರೆ ನಾನಾದ್ರೆ ಕೊಡಲ್ಲ. ಅಜ್ಜನ ಹೆಸರಲ್ಲೇ ಪೆಸ್ಟ್ ಕಂಟ್ರೋಲ್‌ಗೆ ಅರ್ಜಿ ಹಾಕ್ಸಿ, ಸರ್ಟಿಫಿಕೇಟ್ ಬಂದ್ಮೇಲೆ ಮಾತಾಡಿ.

ಸೇವಂತಿಗೆ_ಬ್ರಿಸ್ಟಲ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಜ್ಜನ ಜೊತೇಲೇ ಕೂತು ಫ್ರೇಮ್ ಬಿಚ್ಚಿದ್ವಿ. ಶಿವಮೊಗ್ಗದ ಅಣ್ಣ ಹೇಳಿದ ಹಾಗೇ ಲೆನ್ಸ್ ಇಟ್ಟೆ, ಕಪ್ಪು ಅಕ್ಷರದ ಒಳಗೆಲ್ಲಾ ನೀಲಿ ಕೆಂಪು ಚುಕ್ಕಿ. ಅಜ್ಜಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ದೇ ಲೆನ್ಸ್ ಅವರ ಕೈಗೇ ಕೊಟ್ಟೆ. ಬಹಳ ಹೊತ್ತು ನೋಡಿದ್ರು. ಅಸಲಿ ಅಂತಾನೇ ನಂಬಿ ತಗೊಂಡಿದ್ರಂತೆ ಪಾಪ. ಆಮೇಲೆ ಫ್ರೇಮ್ ಹಾಕಿ ಮತ್ತೆ ಅದೇ ಮೊಳೆಗೆ ನೇತುಹಾಕಿದ್ರು, ಹೊಸ ಮನೆಗೂ ತಗೊಂಡೋಗ್ತಾರಂತೆ.